ನಿನ್ನ ಎಡೆಗೆ ಏನು ಬಡಿಸಲಿ

ಪ್ರೀತಿಯ ಅಪ್ಪನಿಗೆ,

"ಪ್ರೀತಿಯ" ಅಂತ ರೂಢಿಗೆ ಬರೆದೆ. ಇವತ್ತು ನಿನ್ನ ಮೇಲೆ ನನಗಿರುವುದು ಸಿಟ್ಟು. ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಇದ್ದಾಗ ಮಾಡೋಣವೆಂದರೆ ನೀನು ಅವಕಾಶವನ್ನೇ ಕೊಡಲಿಲ್ಲವಲ್ಲ? ಜಗಳಕ್ಕೂ ಎದುರಿಗೊಬ್ಬರು ಬೇಕು. ನೀನೋ, ನಾವು ಬಾಯಿ ತೆಗೆಯುವ ಮೊದಲೇ "ಆಗಲಿ" ಅಂದುಬಿಡುತ್ತಿದ್ದೆ. ದಾವಣಗೆರೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ನಾನು ಪಾಠ ಮಾಡುವ ಶಾಲೆಯಿಂದ ತಂದ ಗಣಿತದ ನೋಟ್‌ಬುಕ್ಕಿನ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ. ಇವತ್ತು ಮಹಾಲಯ ಅಮಾವಾಸ್ಯೆ, ನೀನು ಹೋದ ಮೇಲೆ ಎರಡನೆಯದು. ನನ್ನದು ಒಂದೇ ಪ್ರಶ್ನೆ. ನಿನಗೆ ಏನು ಇಷ್ಟ ಇತ್ತು ಅಪ್ಪ?

ನನ್ನ ಮದುವೆಯ ಬಟ್ಟೆಗೆ ಹೋದ ದಿನ ನೆನಪಿದೆಯಾ? ಅಂಗಡಿಯವನು ನಿನ್ನ ಮುಂದೆ ಇಪ್ಪತ್ತು ಅಂಗಿ ಹರಡಿದ್ದ. "ಯಾವುದಾದರೂ ಆಗುತ್ತೆ" ಅಂದೆ. ಅವನು ಬೆವರು ಒರೆಸಿಕೊಂಡು, "ಸರ, ಹುಡುಗಿ ಅಪ್ಪ ಅದೀರಿ, ಒಂದಾರ ತೋರಿಸ್ರಿ. ಇದಾ, ಇದಾ?" ಅಂತ ಕೇಳಿದ. ನೀನು ಅವನ ಮುಖ ನೋಡಿ, ಪಾಪ, ಮಡಚಿಡಲು ಕಷ್ಟ ಅಂತ ಕೈಗೆ ಹತ್ತಿರ ಇದ್ದದ್ದನ್ನು ಎತ್ತಿಕೊಂಡೆ. ಅದು ಗಿಳಿ ಹಸಿರು. ಮದುವೆಯ ಎಲ್ಲ ಫೋಟೊಗಳಲ್ಲೂ ನೀನು ಆ ಗಿಳಿ ಹಸಿರಿನಲ್ಲಿ ನಿಂತಿದ್ದೀಯ. ಬೆಣ್ಣೆ ದೋಸೆ ಹೋಟೆಲಿನಲ್ಲೂ ಅದೇ ಕತೆ. ಖಾಲಿ ದೋಸೆ ಬೇಕಾ, ಓಪನ್ ದೋಸೆ ಬೇಕಾ ಅಂದರೆ "ಎಲ್ಲರಿಗೂ ಏನೋ ಅದೇ." ಮಾತು ಬೆಳ್ಳಿ, ಮೌನ ಬಂಗಾರ ಅಂದವರು ಯಾರೋ, ನಿನ್ನಂಥವರ ಜೊತೆ ಒಂದು ದಿನವೂ ಬಾಳ್ವೆ ಮಾಡಿದವರಲ್ಲ.

ಹರಿಹರದ ಆ ವರ್ಕ್‌ಶಾಪಿನಲ್ಲಿ ನಿನ್ನ ಲೇತ್ ಮಷೀನಿನ ಪಕ್ಕ ನಿಂತು ನಾನು ಮಗ್ಗಿ ಕಲಿತೆ. ಕಬ್ಬಿಣದ ತುಂಡನ್ನು ನೀನು ಒಂದೇ ಸಲಕ್ಕೆ ಅಳತೆಗೆ ತರುತ್ತಿರಲಿಲ್ಲ. ಚೂರು ಕತ್ತರಿಸುವುದು, ನಿಲ್ಲಿಸುವುದು, ಅಳೆಯುವುದು, ಮತ್ತೆ ಚೂರು. ಯಾಕಪ್ಪ ಇಷ್ಟು ನಿಧಾನ ಅಂದರೆ, "ಕಡಿಮೆ ಕತ್ತರಿಸಿದರೆ ಮತ್ತೆ ಕತ್ತರಿಸಬಹುದು ಮಗಳೇ, ಜಾಸ್ತಿ ಹೋದದ್ದನ್ನು ಅಂಟಿಸೋಕೆ ಆಗಲ್ಲ" ಅನ್ನುತ್ತಿದ್ದೆ. ಮಾತನ್ನೂ ನೀನು ಹಾಗೇ ಆಡಿದೆ. ಆದರೆ ಕಬ್ಬಿಣಕ್ಕೆ ಕೊನೆಗಾದರೂ ಅಳತೆ ಸಿಗುತ್ತಿತ್ತು. ನಮಗೆ ಸಿಕ್ಕಿತಾ?

ನಮ್ಮ ವಿಷಯದಲ್ಲಿ ಮಾತ್ರ ನಿನಗೆ ಎಲ್ಲವೂ ಗೊತ್ತಾಗುತ್ತಿತ್ತು. ಅವ್ವನಿಗೆ ಮಂಡಿ ನೋವು ಶುರುವಾದ ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ನೀನು ಕಬ್ಬಿಣದ ಸ್ಟೂಲು ಹೊತ್ತು ತಂದೆ, ರೊಟ್ಟಿ ಬಡಿಯುವ ಕಟ್ಟೆಯ ಎತ್ತರಕ್ಕೆ ಸರಿಯಾಗಿ. ಅವಳು ಕೂತಳು. ನೀನು ಬಗ್ಗಿ ನೋಡಿ, ಮತ್ತೆ ಹೊತ್ತುಕೊಂಡು ಹೋಗಿ ಕಾಲು ಅರ್ಧ ಇಂಚು ಕತ್ತರಿಸಿ ತಂದೆ. ಹಾಗೆ ಮೂರು ಸಲ. ಅವಳಿಗೆ ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ಗಂಜಿ ಕಾಯಿಸಿ, ಅವಳ ತಲೆಗೂದಲಿನ ಸಿಕ್ಕು ಬಿಡಿಸಿ, ಜಡೆ ಹಾಕಿ ಕೆಲಸಕ್ಕೆ ಹೋಗುತ್ತಿದ್ದೆ. ಅಂಥ ಗಂಡ, ಅಂಥ ಅಪ್ಪ ನಮ್ಮ ಬೀದಿಯಲ್ಲಿ ಇನ್ನೊಬ್ಬ ಇರಲಿಲ್ಲ, ಒಪ್ಪಿದೆ. ಆದರೆ ನಮಗೆ ನಿನ್ನ ಹಾಗೆ ಕಣ್ಣಿನಲ್ಲೇ ಓದುವ ವಿದ್ಯೆ ಬರುತ್ತಿರಲಿಲ್ಲ. ನಮಗೆ ಬಾಯಿಬಿಟ್ಟು ಹೇಳಬೇಕಿತ್ತು. ಅಳದ ಕೂಸಿಗೆ ತಾಯಿಯೂ ಹಾಲು ಕೊಡಲ್ಲ ಅನ್ನುವುದು ನಿನ್ನ ಊರಿನಲ್ಲಿ ಗಾದೆ ಇರಲಿಲ್ಲವಾ?

ನಿನ್ನ ಊರು ಅಂದರೆ ನಮಗೆ ಎರಡು ಸಂಗತಿ ಮಾತ್ರ ಗೊತ್ತು. ಕಣ್ಣೂರಿನ ಆಚೆ ಸಮುದ್ರದ ದಂಡೆಯ ಹಳ್ಳಿ ಅನ್ನುವುದು ಒಂದು, ಇಪ್ಪತ್ಮೂರನೇ ವಯಸ್ಸಿಗೆ ಟ್ರಂಕು ಹಿಡಿದು ಕೆಲಸ ಹುಡುಕಿ ಹರಿಹರದಲ್ಲಿ ಇಳಿದೆ ಅನ್ನುವುದು ಇನ್ನೊಂದು. ಕನ್ನಡವನ್ನು ಬಸ್ಸಿನ ಬೋರ್ಡು ನೋಡಿ ಕಲಿತೆಯಂತೆ. ನೀನು ಓದಿದ ಮೊದಲ ಕನ್ನಡ ಪದ "ಮಲೆಬೆನ್ನೂರು" ಅಂತ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಖಾದರ್ ಚಾಚಾ ನಗುತ್ತಿದ್ದರು. ಕೊಕ್ಕನೂರಿನ ಮಾವ ಟ್ರ್ಯಾಕ್ಟರಿನ ಶಾಫ್ಟ್ ಹಿಡಿದು ನಿಮ್ಮ ವರ್ಕ್‌ಶಾಪಿಗೆ ಬರುತ್ತಿದ್ದರು. ಅವರ ತಂಗಿ, ಅಂದರೆ ನಮ್ಮ ಅವ್ವ, ಎದುರು ಸಾಲಿನ ನೆಂಟರ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದಳು. ಮುಂದಿನದು ಮಾವ ಪ್ರತಿ ಮದುವೆ ಮನೆಯಲ್ಲೂ ಹೇಳುವ ಕತೆ. ನೀನು ಕೊಕ್ಕನೂರಿಗೆ ಹೋಗಿ ಅವರ ಜಗಲಿಯ ಮೇಲೆ ಕೂತೆ. "ನೀವು ಮೀನು ತಿನ್ನೋ ಜನ. ನಾವು ಲಿಂಗ ಕಟ್ಟಿದೋರು. ಹುಡುಗಿ ಬೇಕಂದ್ರ ಮೀನು ಬಿಡಬೇಕಾಗ್ತೈತೆ" ಅಂದರು ಮಾವ. ನೀನು "ಆಗಲಿ" ಅಂದೆ. "ಉಸಿರು ಎಳದು ಬಿಡೋ ಹೊತ್ತಿನಾಗ ಆಗಲಿ ಅಂದ್ರು ನೋಡ್ರಿ ನಮ್ಮ ಮನಿ ಅಳಿಯ. ಅವತ್ತಿಂದ ಇವತ್ತಿನ ತನಕ ಮುಟ್ಟಿಲ್ಲ" ಅಂತ ಮಾವ ನಿನ್ನ ಭುಜ ತಟ್ಟುವಾಗ ನೀನು ಚಪ್ಪಲಿ ನೋಡುತ್ತಾ ನಿಂತಿರುತ್ತಿದ್ದೆ. ನಾಚಿಕೆ ಅಂದುಕೊಂಡಿದ್ದೆವು.

ಅವ್ವನೂ ಸುಮ್ಮನಿರುವವಳಲ್ಲ. ಮದುವೆಯಾದ ವಾರವೇ ನಿನಗೆ ಹೇಳಿದಳಂತೆ, ನೀವು ನನಗೋಸ್ಕರ ಮೀನು ಬಿಟ್ರಿ, ನಾನು ನಿಮಗೋಸ್ಕರ ಮಾವಿನ ಹಣ್ಣು ಬಿಟ್ಟೆ, ಅಂತ. ಮಾವಿನ ಹಣ್ಣು ಅಂದರೆ ಅವಳಿಗೆ ಪ್ರಾಣ. ನೀನು ಎರಡು ಸಲ ಬೇಡ ಅಂದೆಯಂತೆ, ಅವಳು ಕೇಳಲಿಲ್ಲವಂತೆ. ಮೂವತ್ತಾರು ಬೇಸಿಗೆ ಅವಳು ನಮಗೆ ಹಣ್ಣು ಹೆಚ್ಚಿ ಕೊಟ್ಟು, ಕೈ ತೊಳೆದುಕೊಂಡು ಎದ್ದು ಹೋಗುತ್ತಿದ್ದಳು. ಸಣ್ಣವಳಿದ್ದಾಗ ನಾನು ಒಂದು ಹೋಳು ಅವಳ ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ನೀನು ಅದನ್ನೆಲ್ಲ ನೋಡುತ್ತಾ ಕೂತಿರುತ್ತಿದ್ದೆ.

ನೀನು ಹೋದ ವರ್ಷದ ಹಿರಿಯರ ಹಬ್ಬ ಬಂತು. ಎಡೆ ಇಡುವ ಪದ್ಧತಿ ನಿನಗೆ ಗೊತ್ತಲ್ಲ, ಅವ್ವನ ಹಿರಿಯರಿಗೆ ನೀನೇ ಬಾಳೆ ಎಲೆ ತೊಳೆದು ಕೊಡುತ್ತಿದ್ದೆ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು, ಅವರು ಉಂಡು ಹೋಗುವಷ್ಟು ಹೊತ್ತು ಕಾಯುವುದು. ನಿನ್ನ ಮೊದಲ ಎಡೆಗೆ ಅವ್ವ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕರಿಗಡಬು ಅಂತ ಪಟ್ಟಿ ಹೇಳಿದಳು. ನನಗೆ ರೇಗಿತು. ಅದೆಲ್ಲ ಅವಳ ಅಡುಗೆ, ನಿನ್ನ ಇಷ್ಟ ಎಲ್ಲಿದೆ ಅದರಲ್ಲಿ? "ಜೀವಮಾನ ಪೂರ್ತಿ ನಮ್ಮಿಷ್ಟಕ್ಕೇ ಉಂಡರು ಅಪ್ಪ. ಸತ್ತ ಮೇಲಾದರೂ ಒಂದು ದಿನ ಅವರ ಮೀನು ಅವರಿಗೆ ಕೊಡೋಣ" ಅಂದೆ. ಅವ್ವ ಲಿಂಗಪೂಜೆಗೆ ಕೂತವಳು ಹಾಗೇ ಅತ್ತಳು. ಮೂರು ದಿನ ನನ್ನೊಂದಿಗೆ ಮಾತಿಲ್ಲ. ನಾಲ್ಕನೇ ದಿನ, "ನನ್ನ ಒಲಿ ಮ್ಯಾಲೆ ಬ್ಯಾಡ, ನನ್ನ ಪಾತ್ರೆಗೆ ಬ್ಯಾಡ. ಬ್ಯಾರೆ ಎಲೆಗೆ ಇಡು. ನನ್ನ ಕೈಲಿ ಇಡೋಕೆ ಆಗಲ್ಲ, ಆದ್ರ ಬ್ಯಾಡ ಅನ್ನಲ್ಲ" ಅಂದಳು.

ನಾನು ಗೆದ್ದೆ ಅಂದುಕೊಂಡೆ. ಬೀದಿಯ ಕೊನೆಯ ಮನೆಯ ಮಂಜಕ್ಕ ಅವರ ಮನೆಯಲ್ಲಿ ಮೀನು ಸಾರು ಮಾಡಿಕೊಟ್ಟರು. ಸ್ಟೀಲ್ ಡಬ್ಬಿಯಲ್ಲಿ ತಂದು, ಕಿಟಕಿಯ ಕೆಳಗೆ ಬೇರೆ ಎಲೆ ಹಾಕಿ ಬಡಿಸಿದೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ನಾವು ಹೊರಗೆ ಬಂದು ಕಾದೆವು. ಬಾಗಿಲು ತೆರೆದರೆ ಆ ಎಲೆಯಲ್ಲಿ ಒಂದು ಮುಳ್ಳೂ ಉಳಿದಿರಲಿಲ್ಲ. ಅವ್ವ ಅಲ್ಲೇ ನೆಲಕ್ಕೆ ಕುಸಿದು, "ಬಂದಿದ್ರು. ತಿಂದು ಹೋಗ್ಯಾರ ನೋಡು" ಅಂದಳು. ಕಿಟಕಿಯ ಆಚೆ ಪಕ್ಕದ ಮನೆಯ ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ಕೂತು ಮೀಸೆ ನೆಕ್ಕುವುದು ನನಗೊಬ್ಬಳಿಗೇ ಕಂಡಿತು. ನಾನು ಹೇಳಲಿಲ್ಲ. ಹೇಗೆ ಹೇಳಲಿ? ಅವಳ ಮುಖ ಅಷ್ಟು ಬೆಳಗಿತ್ತು. ಮರುದಿನದಿಂದ ಅವಳು ಇಡೀ ಬೀದಿಗೆ ಆ ಕತೆ ಹೇಳಿದಳು, ನಾನು ಪಕ್ಕದಲ್ಲಿ ನಿಂತು ಚಪ್ಪಲಿ ನೋಡಿಕೊಂಡೆ.

ದೀಪಾವಳಿಗೆ ನಿನ್ನ ತಂಗಿ ಶಾಂತಾ ಅತ್ತೆ ಫೋನ್ ಮಾಡಿದರು. ನನ್ನ ಹರಕು ಮಲಯಾಳಂ, ಅವರ ಹರಕು ಹಿಂದಿ. ನಾನು ಹೆಮ್ಮೆಯಿಂದ ಮೀನಿನ ವಿಷಯ ಹೇಳಿದೆ. ಅತ್ತೆ ಮೊದಲು ನಕ್ಕರು. ಆಮೇಲೆ, "ಯಾರಿಗೆ? ಅಣ್ಣನಿಗಾ ಮೀನು?" ಅಂದರು. ಸಣ್ಣವನಿದ್ದಾಗಿನಿಂದ ಮೀನಿನ ವಾಸನೆಗೇ ನಿನಗೆ ವಾಂತಿ ಬರುತ್ತಿತ್ತಂತೆ. ಎಲ್ಲರೂ ಮೀನು ತಿನ್ನುವಾಗ ನೀನು ಅನ್ನದ ತಟ್ಟೆ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ಕೂರುತ್ತಿದ್ದೆಯಂತೆ. ಹಾಗಾದರೆ ಅವರಿಗೆ ಏನು ಇಷ್ಟ ಇತ್ತು ಅತ್ತೆ ಅಂದೆ. ಅವರು, "ಹಾಕಿದ್ದನ್ನು ತಿನ್ನುತ್ತಿದ್ದ. ನಮ್ಮ ಅಮ್ಮನೂ ಅದಕ್ಕೇ ಬೈಯುತ್ತಿದ್ದಳು" ಅಂದರು.

ಎಂಥ ಮನುಷ್ಯ ನೀನು? ಕೇರಳದವನು ಅಂದ ಕೂಡಲೇ ಮೀನು ಅಂದುಕೊಂಡದ್ದು ಮಾವನ ತಪ್ಪು, ಸರಿ. ಆ ಜಗಲಿಯ ಮೇಲೆ "ನಾನು ತಿನ್ನುವವನೇ ಅಲ್ಲ" ಅಂದಿದ್ದರೆ ಏನಾಗುತ್ತಿತ್ತು? ನಂಬುವುದಿಲ್ಲ ಅಂದುಕೊಂಡೆಯಾ? ಹೋಗಲಿ, ಅವ್ವ ಮಾವಿನ ಹಣ್ಣು ಬಿಟ್ಟ ದಿನ ಹೇಳಬಹುದಿತ್ತಲ್ಲ. ಎರಡು ಸಲ ಬೇಡ ಅಂದೆಯಲ್ಲ, ಮೂರನೇ ಸಲ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಮೊದಲ ವರ್ಷ ಹೇಳಲಿಲ್ಲ, ಎರಡನೇ ವರ್ಷಕ್ಕೆ ಕಷ್ಟ ಆಯಿತು, ಹತ್ತನೇ ವರ್ಷಕ್ಕೆ ಹೇಳುವಂತೆಯೇ ಇರಲಿಲ್ಲ... ಹೀಗೇ ಆಗಿರಬೇಕು. ನನಗೆ ಗೊತ್ತು, ಯಾಕೆಂದರೆ ಆ ಬೆಕ್ಕಿನ ವಿಷಯ ನಾನೂ ಅವ್ವನಿಗೆ ಹೇಳಿರಲಿಲ್ಲ. ನಿನ್ನ ಮಗಳೇ ನಾನು. ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು.

ಈ ಮೇ ತಿಂಗಳಲ್ಲಿ ನನ್ನ ಗಂಡ ಮಹೇಶ ಮಾವಿನ ಹಣ್ಣು ತಂದರು. ನಾನು ಹೆಚ್ಚಿ ತಟ್ಟೆ ಮುಂದಿಟ್ಟೆ. ಅವ್ವ ಯಾವಾಗಿನಂತೆ ತಟ್ಟೆಯನ್ನು ನನ್ನ ಕಡೆ ಸರಿಸಿ, ಕೈ ಒರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಬೆಕ್ಕು, ಬಾವಿಕಟ್ಟೆ, ವಾಂತಿ, ಎಲ್ಲ ಹೇಳಿಬಿಟ್ಟೆ. ಅವಳು ಬೈಯಬಹುದು ಅಂದುಕೊಂಡಿದ್ದೆ, ನಗಬಹುದು ಅಂತಲೂ ಅಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. "ಹಂಗಾದ್ರ ನನಗೋಸ್ಕರ ಏನ್ ಬಿಟ್ರು ಅವರು?" ಅಂತ ಕೇಳಿದಳು. "ಊರು ಬಿಟ್ಟರು, ಭಾಷೆ ಬಿಟ್ಟರು" ಅಂದೆ. "ಊರು ಬಿಟ್ಟಿದ್ದು ಕೆಲಸಕ್ಕ. ನನ್ನ ನೋಡೋದಕ್ಕಿಂತ ಮದ್ಲ ಬಿಟ್ಟಿದ್ರು" ಅಂದಳು. ಆ ಹಣ್ಣನ್ನು ಅವಳು ಅವತ್ತೂ ಮುಟ್ಟಲಿಲ್ಲ. ಮರುದಿನದಿಂದ ನಿನ್ನ ಫೋಟೊಗೆ ಹೂವು ಇಡುವುದನ್ನೂ ನಿಲ್ಲಿಸಿದಳು.

ಆಮೇಲೆ ನಾನು ಪತ್ತೇದಾರಿಕೆಗೆ ಇಳಿದೆ. ಅವಳಿಗೆ ನಿನ್ನ ಒಂದು ಆಸೆಯನ್ನಾದರೂ ಹುಡುಕಿ ತಂದು ತೋರಿಸಬೇಕಿತ್ತು. ಒಂದು ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ವರ್ಕ್‌ಶಾಪಿನಲ್ಲಿ ಖಾದರ್ ಚಾಚಾ, "ನಿಮ್ಮಪ್ಪಾರು ಡಬ್ಬಿ ಬಿಚ್ಚಿದ್ರ ಮದ್ಲ ನಮಗ ಹಂಚ್ತಿದ್ರು ಬೇಟಿ. ಉಳದಿದ್ದು ತಿಂತಿದ್ರು. ಯಾವುದು ಉಳೀತಿತ್ತು ಅಂತ ಯಾರ್ ನೋಡ್ಯಾರ?" ಅಂದರು. ಎದುರಿನ ಚಹಾದ ಅಂಗಡಿಯವನನ್ನು ಕೇಳಿದೆ. "ಸಕ್ಕರಿ ಹಾಕಿದ್ರೂ ಕುಡೀತಿದ್ರು, ಮರತ್ರೂ ಕುಡೀತಿದ್ರು ಬಿಡ್ರಿ. ಭಾರೀ ಒಳ್ಳೇ ಮನುಷ್ಯ" ಅಂದ. ಒಳ್ಳೇ ಮನುಷ್ಯ. ಇಡೀ ಹರಿಹರ ನನಗೆ ಕೊಟ್ಟದ್ದು ಅಷ್ಟೇ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಇವತ್ತು ಬೆಳಿಗ್ಗೆ ಮಾವ ಕೊಕ್ಕನೂರಿನಿಂದ ಬಂದರು. ಅವ್ವ ನಸುಕಿಗೇ ಎದ್ದು ಎಲ್ಲ ಅಡುಗೆ ಮಾಡಿದ್ದಳು. ತನ್ನ ಅಪ್ಪ ಅವ್ವನ ಎಲೆಗಳಿಗೆ ರೊಟ್ಟಿ, ಪಲ್ಯ, ಕಡುಬು, ಅನ್ನ, ಎಲ್ಲ ಬಡಿಸಿದಳು. ನಿನ್ನ ಫೋಟೊದ ಮುಂದೆ ಎಲೆ ಹಾಕಿದಳು, ನೀರು ಚಿಮುಕಿಸಿ ಒರೆಸಿದಳು, ಒಂದು ಲೋಟ ನೀರಿಟ್ಟಳು. ಅಷ್ಟೇ. ಉಪ್ಪು ಕೂಡ ಹಾಕಲಿಲ್ಲ. ಸುಮ್ಮನೆ ಎದುರಿಗೆ ಕೂತಳು. ಮಾವನ ಮುಖ ಕಪ್ಪಾಯಿತು. "ಏನಿದು ಗಿರಿಜಾ? ಖಾಲಿ ಎಲೆ ಇಡಬಾರದು. ಹಿರೇರು ಹಸದು ಹೋಗ್ತಾರ" ಅಂದರು. ಅವ್ವ ತಿರುಗಿಯೂ ನೋಡಲಿಲ್ಲ. "ಹೋಗಲಿ ಬಿಡಣ್ಣ. ಹಸಿವಾದ್ರ ಕೇಳ್ತಾರ" ಅಂದಳು.

ಎಲ್ಲರೂ ಹೊರಗೆ ಬರಬೇಕು, ಪದ್ಧತಿ. ನಾವು ಬಂದೆವು. ಅವ್ವ ಬರಲಿಲ್ಲ. ಒಳಗಿನಿಂದ ಬಾಗಿಲು ಮುಚ್ಚಿಕೊಂಡಳು. ಅದಕ್ಕೇ ನಾನು ಮೆಟ್ಟಿಲ ಮೇಲೆ ಕೂತಿರುವುದು. ಮುಕ್ಕಾಲು ಗಂಟೆ ಆಯಿತು. ಎಡೆ ಮುಗಿಯುವ ತನಕ ಯಾರೂ ಉಣ್ಣುವಂತಿಲ್ಲ, ಮಾವ ಸಕ್ಕರೆ ಕಾಯಿಲೆಯವರು, ಮಹೇಶ ಅವರಿಗೆ ಬಿಸ್ಕೀಟು ತಂದುಕೊಟ್ಟರು. ಸ್ವಲ್ಪ ಹೊತ್ತಿಗೆ ಮೊದಲು ನಾನು ಎದ್ದು ಹೋಗಿ ಬಾಗಿಲಿಗೆ ಬಾಯಿ ಇಟ್ಟು, "ಅವ್ವ, ಸಾಕು. ಅಪ್ಪ ಇದ್ದಾಗಲೇ ಕೇಳಲಿಲ್ಲ, ಈಗ ಕೇಳ್ತಾರಾ? ನೀನೇ ಏನಾದರೂ ಬಡಿಸು" ಅಂದೆ.

ಒಳಗಿನಿಂದ ಅವಳ ದನಿ ಬಂತು. ಅಪ್ಪ, ಇದು ನಾನು ಇವತ್ತಿನ ತನಕ ಕೇಳಿರದ ಮಾತು. ಮಾವನೂ ಕೇಳಿರಲಿಲ್ಲ, ಬಿಸ್ಕೀಟು ಪಕ್ಕಕ್ಕಿಟ್ಟು ಬಾಗಿಲ ಹತ್ತಿರ ಬಂದರು.

"ಎರಡು ವರ್ಷ ಎದುರಿಗೆ ನಿಂತು ನೋಡಿದ್ರು, ಬಾಯಿ ಬಿಡಲಿಲ್ಲ. ನನ್ನ ಮದುವಿ ಆಗ್ತೀರಾ ಅಂತ ನಾನೇ ಕೇಳಿದ್ದು. ಆಗಲಿ ಅಂದ್ರು. ಅಂಗಿಗೂ ಆಗಲಿ, ಚಹಾಕ್ಕೂ ಆಗಲಿ, ನನಗೂ ಆಗಲಿ. ಮೀನು ಬಿಟ್ರಲ್ಲ, ಅದಕ್ಕ, ನಾನು ಅವರಿಗೆ ಬೇಕಾಗಿದ್ದೆ ಅನ್ನೋ ಧೈರ್ಯದಾಗ ಇದ್ದೆ. ಈಗ ಅದೂ ಇಲ್ಲ. ಬಡಿಸ್ತೀನಿ, ಬಡಿಸಲ್ಲ ಅನ್ನಲ್ಲ. ಒಂದ್ಸಲ ಕೇಳ್ಲಿ."

ನನಗೆ ನಿನ್ನ ಉತ್ತರ ಗೊತ್ತಿದೆ ಅಂತ ಅನಿಸುತ್ತದೆ. ಸ್ಟೂಲಿನ ಕಾಲನ್ನು ಮೂರು ಸಲ ಕತ್ತರಿಸಿದವನು ನೀನು, ನನಗೆ ಬೇರೆ ಸಾಕ್ಷಿ ಬೇಡ. ಆದರೆ ಅವಳು ಕೇಳುತ್ತಿರುವುದು ನನ್ನನ್ನಲ್ಲ. ಕನಸಿಗೆ ಬಂದು ನನಗೆ ಹೇಳಬೇಡ, ಮಾವನಿಗೆ ಹೇಳಬೇಡ. ನಾವು ಇಲ್ಲೇ ಹೊರಗೆ ಇರುತ್ತೇವೆ, ಎಷ್ಟು ಹೊತ್ತಾದರೂ ಬಾಗಿಲು ತಟ್ಟುವುದಿಲ್ಲ, ಇದು ನನ್ನ ಮಾತು. ಒಳಗೆ ಹೋಗು. ರೊಟ್ಟಿ ಕೇಳು, ಗಂಜಿ ಕೇಳು, ಬರೀ ಉಪ್ಪು ಕೇಳಿದರೂ ಸರಿ, ಅವಳು ಎದ್ದು ಬಡಿಸುತ್ತಾಳೆ. ಒಂದೇ ಒಂದು ಸಲ, "ನನಗೆ ಬೇಕು" ಅಂತ ಅವಳಿಗೆ ಹೇಳು ಅಪ್ಪ.

ನಿನ್ನ ಮಗಳು